ಚಿಗಳ್ಳಿ ಸರ್ ಕಟ್ಟಿದ ಜೋಡಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ನೌಕರಿಯಲ್ಲಿದ್ದಾಗ ನಿವೃತ್ತಿಯಾಗಲಿ ಎಂದುಕೊಂಡೆ. ನಿವೃತ್ತಿಯಾದ ಮೇಲೆ ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಅದೂ ಮುಗಿದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದುಕೊಂಡೆ. ಕಣ್ಣು ಈಗ ಚೆನ್ನಾಗಿಯೇ ಕಾಣುತ್ತದೆ. ಮೊನ್ನೆ ಹಳಿಯಾಳದ ನಮ್ಮ ಮನೆಯ ಅಂಗಳದ ಶಹಾಬಾದಿ ಕಲ್ಲುಗಳ ಮೇಲೆ ಓಣಿಯ ಮಕ್ಕಳು ಸೀಮೆಸುಣ್ಣದಿಂದ ಆಟದ ಚೌಕಗಳನ್ನು ಬರೆದು ಹೋಗಿದ್ದರು. ಸಂಜೆ ಒಂದು ಚೊಂಬು ನೀರು ಹಾಕಿ ತೊಳೆದೆ. ಬಿಸಿಲಿಗೆ ಕಾದ ಕಲ್ಲು, ನೆನೆದ ಸುಣ್ಣ, ಎರಡೂ ಕೂಡಿ ಒಂದು ವಾಸನೆ ಎದ್ದಿತು. ಚೊಂಬು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ದಾಂಡೇಲಿಯ ನಮ್ಮ ಹಳೆಯ ಮನೆಯ ಪಡಸಾಲೆಗೆ ಸಂಜೆ ಹೊತ್ತು ಇದೇ ವಾಸನೆ ಇರುತ್ತಿತ್ತು.

ಅದು ಕಾಗದದ ಕಾರ್ಖಾನೆಯ ಕೆಲಸಗಾರರ ಸಾಲುಮನೆಗಳಲ್ಲಿ ಒಂದು. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಕರಿಬೇವಿನ ಗಿಡವಿದ್ದ ಸಣ್ಣ ಹಿತ್ತಲು. ಗಾಳಿ ಈ ಕಡೆ ತಿರುಗಿದಾಗ ಬೇಯುವ ಬಿದಿರಿನ ಹಬೆ ಮನೆಯೊಳಗೆ ಬಂದು ಒಣಹಾಕಿದ ಬಟ್ಟೆಗಳಲ್ಲಿ ಕೂತುಬಿಡುತ್ತಿತ್ತು. ಅಪ್ಪ ಪಾಳಿ ಮುಗಿಸಿ ಬಂದು ಮಲಗುತ್ತಿದ್ದರು, ಎದ್ದು ಪಾಳಿಗೆ ಹೋಗುತ್ತಿದ್ದರು. ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ನನಗೆ ಮನೆ ಎಂದರೆ ಆಯಿ, ಅಪ್ಪನ ತಾಯಿ. ಅವಳು ರೊಟ್ಟಿ ಬಡಿಯುವ ಸಪ್ಪಳ, ಸೇಂಗಾ ಹುರಿಯುವ ಘಮ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದ ಲವಂಗ. ನಿಮಗೂ ಇಂಥದೊಂದು ಮನೆ ಇದ್ದು ಕಳೆದುಹೋಗಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಅಲ್ಲಿಯ ಯಾವ ವಸ್ತುವೂ ಬೆಲೆಬಾಳುವಂಥದಾಗಿರಲಿಲ್ಲ. ಆದರೂ ಇವತ್ತು ಅದರಲ್ಲಿ ಒಂದು ತಾಟು ಸಿಕ್ಕರೂ ಎದೆಗವಚಿಕೊಂಡೇನು.

ಹೈಸ್ಕೂಲು ಪಾಸಾಗಿ ನಾನು ಪಿಯುಸಿಗೆ ಹೆಸರು ಹಚ್ಚಿದ ವರ್ಷದ ಮಾತು ಇದು. ಆಗ ತ್ರಿಕೋನಮಿತಿಯೆಂದರೆ ಹುಡುಗರು ನಡುಗುತ್ತಿದ್ದರು. ಅದನ್ನು ಕಲಿಸುತ್ತಿದ್ದವರು ಮುಂಡಗೋಡದ ಕಡೆಯ ಚಿಗಳ್ಳಿಯವರು. ಒಕ್ಕಲುತನದ ಮನೆತನ. ನಾವು ಅವರನ್ನು ಚಿಗಳ್ಳಿ ಸರ್ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ತಮ್ಮ ತರಗತಿಯಲ್ಲಿ ಹೇಗಿರಬೇಕೆಂಬುದನ್ನಷ್ಟೇ ಹೇಳಿದರು. ಲೆಕ್ಕ ಕೈಗೆತ್ತಿಕೊಳ್ಳುವ ಮೊದಲು ಚಿತ್ರ ಬರೆಯಬೇಕು. "ಚಿತ್ರ ಬರೀದ ಲೆಕ್ಕಾ ಮಾಡೂದಂದ್ರ ಕಣ್ಣ ಕಟ್ಟಿಕೊಂಡು ಎತ್ತು ಕೊಂಡಂಗ" ಎಂದರು. ಸೂತ್ರಗಳನ್ನು ಗಿಳಿಪಾಠ ಮಾಡಬಾರದು, ಅವು ಎಲ್ಲಿಂದ ಹುಟ್ಟಿದವೆಂದು ದಿನವೂ ಒಮ್ಮೆ ಬರೆದು ನೋಡಬೇಕು. ಆಮೇಲೆ ನಮ್ಮನ್ನೆಲ್ಲ ಎದ್ದು ನಿಲ್ಲಿಸಿ ಇಬ್ಬಿಬ್ಬರನ್ನು ಜೋಡಿ ಕಟ್ಟಿದರು. ಇದು ಅವರ ಊರಿನ ಪದ್ಧತಿ. ಹೊಸ ಹೋರಿಯನ್ನು ಹೂಡುವಾಗ ಪಳಗಿದ ಎತ್ತಿನ ಜೊತೆಗೇ ಕಟ್ಟುತ್ತಾರಂತೆ.

"ಹೋರಿಗೆ ಉಳೂದು ಕಲಸಾಂವ ರೈತ ಅಲ್ಲಲೇ, ನೊಗದ ಆ ಕಡೀ ಎತ್ತು. ನಾ ಬರೇ ಹಿಂದ ಬಾರಕೋಲ ಹಿಡದು ನಿಂದ್ರಾಂವ" ಎಂದು ಸರ್ ನಕ್ಕರು. "ದಿನಾ ಸಂಜೀಕ ಜೋಡಿ ಕೂಡಿ ಕೂಡ್ರಬೇಕು. ಇಲ್ಲಿ ಕೇಳಿದ್ದನ್ನ ಮನೀ ಮಾತಿನಾಗ ಒಬ್ಬರಿಗೊಬ್ಬರು ಹೇಳಬೇಕು. ಶನಿವಾರ ಬೋರ್ಡಿಗೆ ಕರೀತೇನಿ. ಒಬ್ಬಾಂವ ತಪ್ಪಿದ್ರ ಅವನ ಬೈಯಂಗಿಲ್ಲ. ಅವಗ ಹೇಳಿಕೊಟ್ಟಾಂವನ ಬೈತೇನಿ."

ನನಗೆ ಸಿಕ್ಕ ಜೋಡಿ ಜೊಯಿಡಾದಾಚೆ ಕಾಡಿನೊಳಗಿನ ಹಳ್ಳಿಯಿಂದ ಬಂದ ಸಿದ್ದಿ ಹುಡುಗ. ನಾಟಾ ಡಿಪೋದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನ ಗುಡಿಸಲಿನಲ್ಲಿ ಇದ್ದುಕೊಂಡು ಕಾಲೇಜಿಗೆ ಬರುತ್ತಿದ್ದ. ಅವನ ಕನ್ನಡದಲ್ಲಿ ಕೊಂಕಣಿ ಬೆರೆತಿರುತ್ತಿತ್ತು. ಮೈಬಣ್ಣಕ್ಕೆ, ಗುಂಗುರು ಕೂದಲಿಗೆ ಹುಡುಗರು ಹಿಂದಿನಿಂದ ನಗುತ್ತಿದ್ದರು. ಸರ್ ಹೊರಗೆ ಹೋದದ್ದೇ ತಡ, "ಕರೀ ಎತ್ತು, ಬಿಳೀ ಎತ್ತು. ಜೋಡಿ ಭಾರೀ ಕೂಡೇತಿ ನೋಡಲೇ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ನನ್ನ ಜೋಡಿಯೂ ನಕ್ಕ. ನನಗೆ ನಗು ಬರಲಿಲ್ಲ. ಅವನನ್ನು ಕಂಡು ಮರುಗಿ ಅಲ್ಲ, ನನ್ನ ಮಾನ ಹೋಯಿತೆಂದು.

ಅವನು ಮೊದಲ ಸಂಜೆ ಬಂದಾಗ ಆಯಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದಳು. ಚಹಾ ಕೊಟ್ಟದ್ದು ಬೇರೆ ಕಪ್ಪಿನಲ್ಲಿ. ಇದನ್ನು ಮುಚ್ಚಿಡುವುದಿಲ್ಲ, ನಮ್ಮ ಮನೆಯೂ ಹಾಗೆಯೇ ಇತ್ತು. ಊರಿಗೆ ಹೋಗಿ ಬಂದಾಗ ಅವನು ಎಲೆಯಲ್ಲಿ ಸುತ್ತಿದ ಮುರುಗಲ ಸಿಪ್ಪೆ ತಂದು ಕಟ್ಟೆಯ ಮೇಲಿಟ್ಟ. ಆಯಿ ಅದರ ಸಾರು ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡರು. ಮುಂದೆ ಒಂದು ದಿನ ಗಾಳಿಗೆ ಕಟ್ಟೆಯ ಮೇಲೆ ಹಾಳೆಗಳು ನಿಲ್ಲಲಿಲ್ಲ. "ಒಳಗ ಬಂದು ಕೂಡ್ರೋ, ಅಲ್ಲೇನ ಗಾಳಿಪಟಾ ಹಾರಸ್ತಿ?" ಎಂದು ಆಯಿಯೇ ಕರೆದಳು. ಅಂದಿನಿಂದ ಪಡಸಾಲೆಯ ಶಹಾಬಾದಿ ಕಲ್ಲೇ ನಮ್ಮ ಪಾಟಿಯಾಯಿತು. ಹಾಳೆ ಉಳಿಸಲು ಅವನು ಹೂಡಿದ ಉಪಾಯ ಅದು. ಸೀಮೆಸುಣ್ಣದಲ್ಲಿ ನೆಲದ ತುಂಬ ತ್ರಿಕೋನಗಳನ್ನು ಬರೆದು, ಮುಗಿದ ಮೇಲೆ ಒದ್ದೆ ಅರಿವೆಯಿಂದ ಒರೆಸುತ್ತಿದ್ದೆವು.

"ಏನ ಮಾಟ ಮಾಡಾಕತ್ತೀರೋ ಪಡಸಾಲ್ಯಾಗ? ದಾಟಿದ್ರ ನನ್ನ ಕಾಲ ಬೀಳ್ತಾವೇನ?" ಎಂದು ಆಯಿ ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು.

"ದಾಟ್ರಿ ಆಯಿ, ಏನೂ ಆಗೂದಿಲ್ಲ. ನಡುವ ನೆಟ್ಟಗ ನಿಂತ್ರ ನೀವೂ ಲೆಕ್ಕಕ್ಕ ಬರ್ತೀರಿ" ಎಂದು ಜೋಡಿ ಹೇಳುತ್ತಿದ್ದ.

"ನೆಟ್ಟಗ ನಿಂದ್ರೂ ಕಾಲ ಹೋತೋ ಬಾಳಾ. ರೊಟ್ಟಿ ತಿಂತೀರೋ, ಆ ಸುಣ್ಣಾ ತಿಂತೀರೋ ಹೇಳ್ರಿ."

ಬಾಳಾ ಎಂದು ಅವಳು ಕರೆಯುತ್ತಿದ್ದುದು ಅದುವರೆಗೆ ನನ್ನನ್ನು ಮಾತ್ರ.

ತ್ರಿಕೋನಮಿತಿ ಅವನಿಗೆ ಬಲುಬೇಗ ಹತ್ತಿತು. ಚಿಕ್ಕವನಿದ್ದಾಗ ಕಾಳಿ ನದಿಯ ದಂಡೆಗೆ ಸರ್ವೆಯವರು ಬಂದಿದ್ದರಂತೆ. ಅವರ ಮೂರು ಕಾಲಿನ ಯಂತ್ರವನ್ನು ಗುಡ್ಡ ಹತ್ತಿಸಿದವನು ಇವನ ಅಪ್ಪ. ಅದರೊಳಗೆ ಒಮ್ಮೆ ಇಣುಕುತ್ತೇನೆಂದು ಇವನು ಕೇಳಿದ್ದಕ್ಕೆ ಗದರಿಸಿ ಕಳಿಸಿದ್ದರಂತೆ. "ನಾನೂ ಸರ್ವೆದಾಂವ ಆಗ್ತೇನಿ ನೋಡು. ಹೊರೂದಲ್ಲ, ಇಣಕೂದು" ಎನ್ನುತ್ತಿದ್ದ. ಅದಕ್ಕೆ ಗಣಿತ ಉಳಿಯಬೇಕಿತ್ತು. ಸರ್ ಅದಕ್ಕೂ ಒಂದು ಕಟ್ಟಳೆ ಇಟ್ಟಿದ್ದರು. ದೀಪಾವಳಿ ರಜೆಗೆ ಮೊದಲಿನ ಶನಿವಾರ ಬೋರ್ಡಿನ ಮೇಲೆ ತಪ್ಪಿದವರು ಗಣಿತ ಬಿಟ್ಟು ಕಲಾ ವಿಭಾಗಕ್ಕೆ ಹೋಗಬೇಕು. ಯಾರ ವಶೀಲಿಯೂ ನಡೆಯದು.

ಆ ಶನಿವಾರ ಹತ್ತಿರ ಬಂದಾಗ ಜೋಡಿಗೆ ಜ್ವರ ಬಂದು ಒಂದು ವಾರ ತರಗತಿ ತಪ್ಪಿತು. ಆ ವಾರವೇ ಸರ್ ಹೊಸ ಪಾಠ ಮಾಡಿದ್ದರು. ಒಂದು ನೆಟ್ಟನೆಯ ಗೆರೆ, ಒಂದು ಅಡ್ಡಗೆರೆ ಎಳೆದರೆ ನಾಲ್ಕು ಮನೆಗಳಾಗುತ್ತವೆ. ಕೋನ ಯಾವ ಮನೆಗೆ ಹೋಯಿತೆಂಬುದರ ಮೇಲೆ ಸೈನ್, ಕಾಸ್‌ಗಳಿಗೆ ಪ್ಲಸ್ಸೋ ಮೈನಸ್ಸೋ ಎಂಬುದು. ಎರಡನೆಯ ಮನೆಯಲ್ಲಿ ಎತ್ತರ ಮೇಲಕ್ಕೇ ಇರುವುದರಿಂದ ಸೈನ್ ಪ್ಲಸ್. ಅಡ್ಡಳತೆ ಎಡಕ್ಕೆ ಸರಿಯುವುದರಿಂದ ಕಾಸ್ ಮೈನಸ್. ಜ್ವರ ಬಿಟ್ಟು ಬಂದವನಿಗೆ ನಾನು ಇದನ್ನು ಹೇಳಿಕೊಡಬೇಕಿತ್ತು. ಅಂದು ಮಧ್ಯಾಹ್ನ ಕಾಲೇಜಿನಲ್ಲಿ ನನ್ನನ್ನು ಮತ್ತೆ ಎತ್ತು ಎಂದು ಕರೆದಿದ್ದರು. ಮನೆಗೆ ಬಂದರೆ, ಅವನು ಸೊರಗಿದ್ದಾನೆಂದು ಆಯಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಡುತ್ತಿದ್ದಳು. "ನೋಡು, ಜ್ವರಾ ಬಿಟ್ಟ ಕೂಡ್ಲೇ ಓದಾಕ ಬಂದಾನ. ನೀ ಇದ್ದಿದ್ರ ಹಾಸಿಗಿ ಬಿಡ್ತಿದ್ದಿಲ್ಲ" ಎಂದಳು. ನಾನು ಸೀಮೆಸುಣ್ಣ ತೆಗೆದುಕೊಂಡು ನಾಲ್ಕು ಮನೆ ಬರೆದೆ. ಎರಡನೆಯ ಮನೆಯಲ್ಲಿ ಸೈನ್‌ಗೆ ಮೈನಸ್ ಹಾಕಿದೆ, ಕಾಸ್‌ಗೆ ಪ್ಲಸ್. ಕೈತಪ್ಪಿ ಅಲ್ಲ. ಬೇಕೆಂದೇ.

ಅವನು ಎತ್ತರದ ಗೆರೆಯ ಮೇಲೆ ಬೆರಳಾಡಿಸಿದ. "ಎತ್ತರ ಮ್ಯಾಲೇ ಐತಲ್ಲೋ. ಮೈನಸ್ ಹೆಂಗ ಆಗ್ತದ?"

"ಸರ್ ಹಂಗ ಹೇಳ್ಯಾರ."

"ಸರ್ ಹೇಳ್ಯಾರಂದ್ರ ಹೌದು ಬಿಡು" ಎಂದು ಒದ್ದೆ ಅರಿವೆ ತೆಗೆದುಕೊಂಡು ಒರೆಸಿದ. ಪಡಸಾಲೆಯ ತುಂಬ ಆ ವಾಸನೆ ಎದ್ದಿತು.

ಶನಿವಾರ ಅವನಿಗೆ ಬಂದದ್ದು ನೂರಾ ಐವತ್ತು ಡಿಗ್ರಿಯ ಸೈನ್. ಚಿತ್ರವನ್ನು ಚೆಂದವಾಗಿಯೇ ಬರೆದ. ಎತ್ತರದ ಗೆರೆಯನ್ನು ಮೇಲಕ್ಕೇ ಎಳೆದ. ಉತ್ತರ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮೈನಸ್ ಅರ್ಧ ಎಂದು ಬರೆದ. ಹುಡುಗರು ನಕ್ಕರು. ಸರ್ ನಗಲಿಲ್ಲ. "ಚಿತ್ರ ಬರೋಬರಿ ಐತಿ, ಉತ್ತರ ಯಾಕ ಹಿಂಗಾತು? ಯಾರ ಹೇಳಿಕೊಟ್ರು ನಿನಗ?" ಎಂದರು. ಜೋಡಿ ತಿರುಗಿ ನನ್ನನ್ನು ನೋಡಿದ. ಆಗಲೇ ಅವನಿಗೆ ತಿಳಿಯಿತು. ಅದು ತಿಳಿದದ್ದು ನನಗೂ ತಿಳಿಯಿತು.

"ಯಾರೂ ಇಲ್ರಿ ಸರ್. ಜ್ವರದಾಗ ನಾನ ತಪ್ಪ ತಿಳ್ಕೊಂಡೇನ್ರಿ."

ಸರ್ ನನ್ನ ಕಡೆ ತಿರುಗಿದರು. "ನೀ ಏನ ಹೇಳ್ತೀಯೋ?"

"ನಾ ಬರೋಬರಿ ಹೇಳಿದ್ದೇನ್ರಿ ಸರ್" ಎಂದೆ.

ಆ ಒಂದು ಮಾತು. ತಪ್ಪು ಕಲಿಸಿದ್ದಕ್ಕಿಂತ ಅದೇ ಹೆಚ್ಚು ಭಾರವಾಗಿ ಇಷ್ಟು ವರ್ಷ ಕೂತಿತ್ತು. ಕಟ್ಟಳೆಯಂತೆ ಅವನು ಗಣಿತ ಬಿಡಬೇಕಾಯಿತು. ಅಂದು ಸಂಜೆಯೂ ಅವನು ಮನೆಗೆ ಬಂದ. ಆಯಿ ಕೊಟ್ಟ ಚಹಾ ಕುಡಿದ. ಅವಳಿಗೆ ಏನೂ ಹೇಳಲಿಲ್ಲ. ಹೊರಡುವಾಗ ಕಟ್ಟೆಯ ಬಳಿ ಮೆಲ್ಲಗೆ ಕೇಳಿದ, "ಎತ್ತರ ಮ್ಯಾಲೇ ಇತ್ತು, ಹೌದಲ್ಲೋ?" ನಾನು ಹೂಂ ಎಂದೆ. ತಪ್ಪಾಯಿತು ಎನ್ನಲಿಲ್ಲ. ಮತ್ತೆ ಅವನು ನಮ್ಮ ಮನೆಗೆ ಬರಲಿಲ್ಲ. ಆಯಿ ಬಹಳ ದಿನ "ಆ ಬಾಳ ಯಾಕ ಬರವಲ್ಲ?" ಎಂದು ಕೇಳಿದಳು. ಕಲಾ ವಿಭಾಗಕ್ಕೆ ಹೋದವನಿಗೆ ಪುರಸೊತ್ತಿಲ್ಲವೆಂದು ಹೇಳಿದೆ. ಸರ್ ನನಗೆ ಬೇರೆ ಜೋಡಿ ಕಟ್ಟಲಿಲ್ಲ. ಒಬ್ಬನೇ ನೆಲದ ಮೇಲೆ ಬರೆದುಕೊಂಡು ಕೂರುತ್ತಿದ್ದೆ, ಹೇಳಲು ಯಾರೂ ಇರಲಿಲ್ಲ. ಪರೀಕ್ಷೆಯಲ್ಲಿ ಗಣಿತ ಹೋಯಿತು. ಹೈಸ್ಕೂಲಿನ ಸರ್ಟಿಫಿಕೇಟಿನ ಮೇಲೆ ಬಸ್ ಕಂಡಕ್ಟರನಾದೆ.

ಹಳಿಯಾಳಕ್ಕೆ ಬಂದ ಮೇಲೆ ಜೊಯಿಡಾ, ಅಣಶಿಯ ಕಡೆಯ ಡ್ಯೂಟಿ ಬಂದಾಗಲೆಲ್ಲ ಬೇರೆಯವರಿಗೆ ಬಿಟ್ಟುಕೊಡುತ್ತಿದ್ದೆ. "ಯಾಕರೀ, ಅಲ್ಲಿ ಹುಲಿ ಅದಾವಂತ ಅಂಜಿಕೀನ?" ಎಂದು ಡ್ರೈವರುಗಳು ನಗುತ್ತಿದ್ದರು. ಹೌದೆನ್ನುತ್ತಿದ್ದೆ. ಅವನ ಊರಿನ ನಿಲ್ದಾಣದಲ್ಲಿ ಅವನೇ ಬಸ್ ಹತ್ತಿದರೆ ಹೇಗೆ ಮುಖ ತೋರಿಸಲಿ? ಸರ್ವೆಯವನಾಗಬೇಕಿದ್ದವನು ಕೂಲಿಯಾಗಿ ಹತ್ತಿದರೆ? ನಾನು ಅವನ ಬದುಕನ್ನೇ ಮುರಿದೆನೆಂದು ನಂಬಿದ್ದೆ.

ಈ ಬೇಸಗೆಯಲ್ಲಿ ಹೆಂಡತಿಯ ತಂಗಿ ಹಾಸಿಗೆ ಹಿಡಿದಳೆಂದು ಜೊಯಿಡಾಕ್ಕೆ ಹೋಗಲೇಬೇಕಾಯಿತು. ಮರಳುವ ಬಸ್ಸಿಗೆ ಬಹಳ ಹೊತ್ತಿತ್ತು. ಚಹಾ ಅಂಗಡಿಯವನನ್ನು ಜೋಡಿಯ ಹೆಸರು ಹೇಳಿ ಕೇಳಿದೆ. "ಮಾಸ್ತರ್ ಏನ್ರಿ? ಅವರು ಹೋಗಿ ಎರಡ ವರ್ಷ ಆತಲ್ರಿ" ಎಂದ. ಮೊದಲು ಕಿವಿಗೆ ಬಿದ್ದದ್ದು ಮಾಸ್ತರ್ ಎಂಬ ಮಾತೊಂದೇ. ಹೋದರು ಎಂಬುದು ತಲೆಗೆ ಇಳಿದದ್ದು ಆಮೇಲೆ. ಮನೆ ಅಲ್ಲೇ ಹಿಂದಿನ ಓಣಿಯಲ್ಲಿತ್ತು. ಅಂಗಳದಲ್ಲಿ ಹಪ್ಪಳ ಹರವುತ್ತಿದ್ದ ವಯಸ್ಸಾದ ಹೆಂಗಸು ತಲೆಯೆತ್ತಿದರು. ದಾಂಡೇಲಿಯಲ್ಲಿ ನಿಮ್ಮ ಯಜಮಾನರ ಜೊತೆ ಓದಿದವನು ಎಂದೆ.

"ಕಂಡಕ್ಟರ್ ಆದಾವ್ರೇನ್ರಿ?" ಎಂದರು. ನಾನು ಬೆಚ್ಚಿದೆ. "ಹಳಿಯಾಳ ಸ್ಟ್ಯಾಂಡಿನಾಗ ನಿಮ್ಮನ್ನ ನೋಡ್ಯಾರ್ರಿ. ಮಾತಾಡಿಸಿ ಬರ್ರಿ ಅಂದೆ ನಾನು. ಬ್ಯಾಡ, ನನ್ನ ನೋಡಿದ್ರ ಅವಗ ತ್ರಾಸ ಆಗ್ತದ, ಡ್ಯೂಟಿ ಮ್ಯಾಲ ಅದಾನ ಅಂದ್ರು."

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಹಪ್ಪಳ ತಿರುವಿ ಹಾಕುತ್ತಲೇ ಕೇಳಿದರು. "ಗೊತ್ತೈತ್ರಿ ನನಗ" ಎಂದರು.

"ಭಾಳ ಸಿಟ್ಟಿತ್ತೇನ್ರಿ ಅವಗ?"

"ಇತ್ತಲ್ಲ ಮತ್ತ! ಇರಲಾರದೇನು? ಮದುವಿ ಆದ ಹೊಸದಾಗ ಸಿಟ್ಟಿನಿಂದ ಹೇಳ್ತಿದ್ರು. ಸರ್ವೆದವರ ಜೀಪು ಹೋದ್ರ ಮಾತ ಬಿಟ್ಟು ಕೂಡ್ರತಿದ್ರು. ಶಾಲೀ ಕೆಲಸಾ ಹಿಡಿಸಿದ ಮ್ಯಾಲ ನಕ್ಕೋತ ಹೇಳಾಕ ಹತ್ತಿದ್ರು. ಆಮ್ಯಾಲ ಅದನ್ನೂ ಬಿಟ್ರು. ಕಡೀ ಕಡೀಕ ನಿಮ್ಮ ಆಯಿ ರೊಟ್ಟಿ, ಬೆಣ್ಣಿ, ಅಷ್ಟ ಹೇಳ್ತಿದ್ರು ನೋಡ್ರಿ." ಒಳಗೆ ಹೋಗಿ ನೀರು ತಂದುಕೊಟ್ಟರು. "ಬಿಸಿಲಾಗ ನಿಂತೀರಿ. ಕೂಡ್ರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಇಷ್ಟು ವರ್ಷ ತಪ್ಪಿಸಿಕೊಂಡಿದ್ದ ಆ ಕಾಡುದಾರಿಯನ್ನು ಕಣ್ತುಂಬ ನೋಡಿದೆ. ಅಳು ಬಂದೀತೆಂದುಕೊಂಡಿದ್ದೆ, ನಿದ್ದೆ ಬಂತು. ಎಷ್ಟೋ ವರ್ಷಗಳ ನಂತರ ಅಂಥ ನಿದ್ದೆ. ಅವನು ಬಯಸಿದ್ದನ್ನು ನಾನು ಕಸಿದದ್ದು ನಿಜ. ಆದರೆ ಅವನು ಮುರಿಯಲಿಲ್ಲ. ಬೇರೊಂದು ಬದುಕನ್ನು ಕಟ್ಟಿಕೊಂಡ, ಅದರಲ್ಲಿ ಹಾಯಾಗಿದ್ದ. ನನ್ನ ಮೇಲಿನ ಸಿಟ್ಟನ್ನು ಅವನು ಯಾವತ್ತೋ ಇಳಿಸಿಟ್ಟಿದ್ದ. ಹೊತ್ತುಕೊಂಡು ತಿರುಗುತ್ತಿದ್ದವನು ನಾನೊಬ್ಬನೇ.

ಆ ಸಾಲುಮನೆಗಳು ಈಗಿಲ್ಲ. ಆಯಿ ಇಲ್ಲ, ಅಪ್ಪ ಇಲ್ಲ, ಸರ್ ಇಲ್ಲ. ಆ ಪಡಸಾಲೆ ಹೇಗಿತ್ತೆಂದು ಬಲ್ಲವನು ನಾನೊಬ್ಬ ಉಳಿದಿದ್ದೇನೆ. ಅವನ ಹೆಂಡತಿಯ ಮುಂದೆ ಹೇಳಿದ್ದು ಹೇಳಿದಂತಾಯಿತು, ಕ್ಷಮೆ ಕೇಳಿದಂತಾಗಲಿಲ್ಲ. ಅದನ್ನು ಅವನಲ್ಲೇ ಕೇಳಬೇಕಿತ್ತು, ಅದಕ್ಕೆ ಈಗ ದಾರಿಯಿಲ್ಲ. ಮನೆಯಲ್ಲಿ, ಮಕ್ಕಳ ಮುಂದೆ, ಇಷ್ಟು ವರ್ಷ ಅವನ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಇಲ್ಲಿಯೂ ಜೋಡಿ, ಜೋಡಿ ಎಂದೇ ಬರೆದುಕೊಂಡು ಬಂದೆ. ಅವನ ಹೆಸರು ಬಸ್ತ್ಯಾಂವ. ಬಸ್ತ್ಯಾಂವ ಸಿದ್ದಿ.