ಒಣಗಿದ ಹೊಲದ ಬೀಜ

ಸಾಬವ್ವನ ಹೆಸರು ನಾನು ಮೊದಲು ಕೇಳಿದ್ದು ಎಂಬತ್ನಾಲ್ಕರಲ್ಲಿ, ನಾವು ಕರಜಗಿಗೆ ಬಂದು ನೆಲೆಸಿದ ವರ್ಷ. ನೆಟೆರೋಗ ಬಂದು ಅರ್ಧ ಊರಿನ ತೊಗರಿ ನಿಂತಲ್ಲೇ ಒಣಗಿತ್ತು. ನಮ್ಮ ಮನೆಯವರು ನಗುತ್ತಾ ಬಂದರು. "ಕೇಳಿದೇನ? ಸಾಬವ್ವ ಅಂತ ಒಬ್ಬಾಕಿ ಸತ್ತ ಹೊಲದಾಗ ಬೀಜ ಹುಡುಕಾಕತ್ತಾಳ!"

ಮರುದಿನ ನಾನೇ ಹೋಗಿ ನೋಡಿದೆ. ಒಣಗಿದ ಸಾಲುಗಳ ನಡುವೆ ಹಸಿರಾಗಿ ನಿಂತ ಹದಿನೇಳು ಗಿಡಗಳಿಗೆ ಆಕೆ ಗುರುತಿಗೆ ಹಳೇ ಸೀರೆಯ ಚಿಂದಿ ಕಟ್ಟಿದ್ದಳು.

"ಯಕ್ಕಾ, ಚಲೋ ಹೊಲದ ಬೀಜ ಬಿಟ್ಟು ಇದ್ಯಾಕ?"

"ಚಲೋ ಹೊಲಕ್ಕ ರೋಗನೇ ಬಂದಿಲ್ಲ. ಅಲ್ಲಿ ಯಾವ ಗಿಡ ಗಟ್ಟಿ ಅಂತ ಹೆಂಗ ತಿಳೀತದ? ಗಿಡದೊಳಗ ಒಂದು ನಾಯಿ ಮಲಗಿರ್ತದ ತಂಗಿ. ರೋಗ ಅನ್ನೋ ಕಳ್ಳ ಬಂದಾಗಷ್ಟೇ ಅದು ಏಳಬೇಕು. ವರ್ಷಪೂರ್ತಿ ಬೊಗಳಿದ್ರ ಗಿಡ ಕಾಯಿ ಯಾವಾಗ ಕಟ್ಟಬೇಕು? ಈ ಹದಿನೇಳರ ನಾಯಿ ಸರಿಯಾದ ಹೊತ್ತಿಗೆ ಎದ್ದಾವ."

ಮೂರು ವರ್ಷದ ಮೇಲೆ ನೆಟೆರೋಗ ಮತ್ತೆ ಬಂದಾಗಲೂ ಆಕೆಯ ತೊಗರಿ ಹೊಲ ತುಂಬ ಹಸಿರಾಗಿ ನಿಂತಿತು. ನಕ್ಕಿದ್ದ ನಮ್ಮವರೇ ಚೀಲ ಹಿಡಿದು ಬೀಜ ಕೇಳಲು ಹೋದರು.

ತೊಂಬತ್ತೆರಡರಲ್ಲಿ ಹಾಸಿಗೆ ಹಿಡಿದ ಸಾಬವ್ವ, ಬೂದಿ ಬೆರೆಸಿಟ್ಟ ಬೀಜದ ಗಡಿಗೆಯನ್ನು ನನ್ನ ಮಡಿಲಲ್ಲಿ ಇಟ್ಟಳು.

"ಚಲೋ ಹೊಲದಾಗೇ ಬಿತ್ತತೇನಿ ಯಕ್ಕಾ," ಎಂದೆ.

"ಏ ಹುಚ್ಚಿ, ವರ್ಷಾ ವರ್ಷಾ ಒಂದು ಸಾಲಾದ್ರೂ ರೋಗ ಬೀಳೋ ಮೂಲ್ಯಾಗ ಹಾಕು. ನಾಯಿ ಇನ್ನೂ ಏಳ್ತದೋ ಇಲ್ಲೋ ನೋಡಬೇಕಲ್ಲ?"