ಕಿವಿಯಕ್ಕ ತಲೆಕೆಳಗಾಗಿ ಓದಿದ ಓಲೆ

ಬೆಳಗಿನ ಐದೂಮುಕ್ಕಾಲು. ಕುರಿ ಪ್ರದರ್ಶನದ ಮೈದಾನದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಕಂಬಿ ಹಾಕಿದ ತೊಂಬತ್ತಾರು ದೊಡ್ಡಿಗಳ ನಡುವಿನ ಓಣಿಯಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ ಹೆಂಗಸೊಬ್ಬರು ಸರಸರ ನಡೆಯುತ್ತಿದ್ದಾರೆ. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ದಪ್ಪ ಪುಸ್ತಕ. ಟಗರೊಂದರ ಮುಂದೆ ನಿಂತು ಅದರ ಗದ್ದ ಹಿಡಿದು, ಕಿವಿ ಎತ್ತಿ, ಹಳದಿ ಬಿಲ್ಲೆಯ ಮೇಲಿನ ಸಂಖ್ಯೆ ಓದುತ್ತಾರೆ. ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಬಗ್ಗಿ ಟಗರಿನ ಕಾಲು ನೋಡುತ್ತಾರೆ. ನಾಲ್ಕೂ ನೆಲದ ಮೇಲಿವೆ. ಸಮಾಧಾನವಾಗದೆ ಮತ್ತೊಮ್ಮೆ ಕಿವಿ ಎತ್ತಿ ಅದೇ ಸಂಖ್ಯೆಯನ್ನು ಓದುತ್ತಾರೆ.

"ಇದೇನಕ್ಕಾ, ಈ ಸಲ ಎರಡೆರಡು ಸಲ ಓದ್ತಾ ಇದ್ದೀರ?" ಟಗರಿನ ಒಡೆಯ ಕೇಳುತ್ತಾನೆ.

"ಹನ್ನೊಂದು ಗಂಟೆಗೆ ಮೈಕಿನಲ್ಲಿ ಹೇಳ್ತೀನಿ, ಆಗ ಕೇಳು. ಈಗ ಅದರ ಹೊಟ್ಟೆಗೆ ಅಂಟಿರೋ ಹುಲ್ಲು ಬಾಚು. ಮದುವೆಗೆ ಬಂದವನು ಮಲಗೆದ್ದ ಹಾಗೆ ಬಂದಿದ್ದಾನೆ."

ಇವರು ಕಿವಿಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಕುರಿ ಸಾಕುವವರಲ್ಲಿ ಅದು ಗೊತ್ತಿರುವವರು ಕಡಿಮೆ. ಕುರಿ ಕಂಡರೆ ಎಲ್ಲರೂ ಮೈ ನೋಡುತ್ತಾರೆ, ಉಣ್ಣೆ ನೋಡುತ್ತಾರೆ; ಇವರು ಮೊದಲು ಕಿವಿ ನೋಡುತ್ತಾರೆ. ಆ ಅಭ್ಯಾಸವೇ ಹೆಸರಾಗಿ ಅಂಟಿಕೊಂಡಿದೆ. ದರ್ಜಿಯಾಗಿರುವ ಇವರ ಗಂಡನಿಗೆ ಇದೊಂದು ಮುಗಿಯದ ತಮಾಷೆ. "ಮದುವೆ ಆದ ಹೊಸದರಲ್ಲಿ ಮುಖ ನೋಡಿ ಮಾತಾಡ್ತಿದ್ದಳು. ಈಗ ಕಿವಿ ನೋಡಿ ಮಾತಾಡ್ತಾಳೆ. ನಂಬರ್ ಇಲ್ಲ ಅಂತ ಒಳಗೊಳಗೇ ಬೇಜಾರು ಇರಬೇಕು," ಎನ್ನುತ್ತಾರೆ.

ಕಿವಿಯಕ್ಕ ಕರಿಮೂತಿ ಕುರಿ ತಳಿ ಸಂಘದ ಕಾರ್ಯದರ್ಶಿ. ಕರಿಮೂತಿ ಎಂದರೆ ಮೈಯೆಲ್ಲ ಬಿಳಿ, ಮೂತಿ ಮಾತ್ರ ಮಸಿ ದವಾತಿಯಲ್ಲಿ ಅದ್ದಿ ತೆಗೆದಂತಿರುವ ಕುರಿ. ಕಲ್ಲುಗುಡ್ಡದ ಒರಟು ಹುಲ್ಲನ್ನೇ ತಿಂದು ದುಂಡಗಾಗುವ ಈ ತಳಿಯಲ್ಲಿ ಈಗ ಉಳಿದಿರುವುದು ಹತ್ತೊಂಬತ್ತು ಮಂದೆ, ಇನ್ನೂರ ಹದಿನಾಲ್ಕು ಹೆಣ್ಣು, ಮೂವತ್ತೊಂದು ಟಗರು. ಅಷ್ಟರ ಜಾತಕವೂ ಇವರ ಕಂಕುಳಿನ ಪುಸ್ತಕದಲ್ಲಿದೆ. ಮೇವಿನ ಅಂಗಡಿಯ ಮೇಲಿನ ಎರಡು ಕೋಣೆ ಸಂಘದ ಕಚೇರಿ. ಒಂದರಲ್ಲಿ ಇವರ ಮೇಜು, ಇನ್ನೊಂದರಲ್ಲಿ ಪ್ರದರ್ಶನದ ಕಂಬಿಗಳು, ಬಹುಮಾನದ ರಿಬ್ಬನ್ನುಗಳು ಮತ್ತು ಯಾರೂ ವಾಪಸು ಕೇಳದ ಮೂರು ಛತ್ರಿಗಳು. ಮರಿ ಹಾಕುವ ಕಾಲದಲ್ಲಿ ದಿನಕ್ಕೆ ನಲವತ್ತು ಫೋನು ಬರುತ್ತವೆ. ಹುಟ್ಟಿದ ಮೂವತ್ತು ದಿನದೊಳಗೆ ಪ್ರತಿ ಮರಿಯ ಕಿವಿಗೂ ಬಿಲ್ಲೆ ಬೀಳಬೇಕು. ಈ ಮಂದಿ ಆ ಬಿಲ್ಲೆಯನ್ನು ಓಲೆ ಎನ್ನುತ್ತಾರೆ. ಕಿವಿಗೆ ಹಾಕುವುದು ತಾನೆ.

ಇವರು ಕುರಿ ಸಾಕುವ ಮನೆಯವರೇ ಅಲ್ಲ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಸಂಘದವರು ಇಲಿ ತಿಂದ ಪುಸ್ತಕವೊಂದನ್ನು ತಂದು, "ನಿಮ್ಮ ಅಕ್ಷರ ಮುತ್ತಿನಂತಿದೆಯಂತೆ, ಒಂದು ವಾರದ ಕೆಲಸ, ಪ್ರತಿ ಮಾಡಿಕೊಡಿ" ಎಂದರು. "ಆ ವಾರ ಇನ್ನೂ ಮುಗಿದಿಲ್ಲ ನೋಡಿ," ಎಂದು ನಗುತ್ತಾರೆ ಕಿವಿಯಕ್ಕ. ಶಾಲೆಯ ಕೆಲಸದಿಂದ ನಿವೃತ್ತಿಯಾಯಿತು, ಪುಸ್ತಕದಿಂದ ಆಗಲಿಲ್ಲ. ಬಸ್ಸಿಳಿದು ಗುಡ್ಡ ಹತ್ತಿ ಮರಿಗಳ ಲೆಕ್ಕ ತೆಗೆದದ್ದಾಯಿತು. ಟಗರೊಂದು ಗುದ್ದಿ ಬಲಗೈ ಮಣಿಕಟ್ಟು ಮುರಿದಾಗ ಮೂರು ತಿಂಗಳು ಎಡಗೈಯಲ್ಲಿ ಬರೆದದ್ದಾಯಿತು. ಆ ಟಗರಿನ ಹೆಸರಿನ ಮುಂದೆ, ಸ್ವಭಾವ ಎಂಬ ಕಾಲಂನಲ್ಲಿ, ಸೊಟ್ಟ ಅಕ್ಷರದಲ್ಲಿ ಇವತ್ತಿಗೂ ಹೀಗಿದೆ: 'ಸೌಮ್ಯ. ಕಾರ್ಯದರ್ಶಿಯನ್ನು ಕಂಡರೆ ಮಾತ್ರ ಆಗದು.'

ಆದರೆ ಬರೆಯುವುದಕ್ಕಿಂತ ದೊಡ್ಡ ಕೆಲಸ ಸಂಬಂಧ ನೋಡುವುದು. ಯಾವ ಟಗರನ್ನು ಯಾವ ಮಂದೆಗೆ ಬಿಡಬೇಕೆಂದು ಕೇಳಿಕೊಂಡು ಜನ ಮೆಟ್ಟಿಲು ಹತ್ತಿ ಬರುತ್ತಾರೆ. ಇವರು ಕನ್ನಡಕದ ಮೇಲಿಂದ ನೋಡಿ ಕೇಳುವುದು ಒಂದೇ ಪ್ರಶ್ನೆ: "ಇದು ಅದಕ್ಕೆ ಏನಾಗಬೇಕು?" ನಂಟಸ್ತನದ ಮನೆಯಲ್ಲಿ ಕೇಳುವಂತೆಯೇ. ಆಮೇಲೆ ಪುಸ್ತಕ ತಿರುವಿ ಉತ್ತರವನ್ನೂ ಇವರೇ ಹೇಳುತ್ತಾರೆ. ಒಂದು ಕಾಲದಲ್ಲಿ, "ಏನೂ ಆಗಬೇಕಾಗಿಲ್ಲ, ಧಾರಾಳವಾಗಿ ಬಿಡು" ಎನ್ನುತ್ತಿದ್ದರು. ಹಳೆಯ ವಂಶಗಳು ಒಂದೊಂದಾಗಿ ಅಳಿದಂತೆ ಉತ್ತರ ಬದಲಾಯಿತು. ಅಣ್ಣ ಆಗಬೇಕು. ಚಿಕ್ಕಪ್ಪ ಆಗಬೇಕು. ಒಂದು ಕಡೆಯಿಂದ ಅಜ್ಜ, ಇನ್ನೊಂದು ಕಡೆಯಿಂದ ಅಣ್ಣ ಆಗಬೇಕು. ಯಾವ ಜೋಡಿ ತೆಗೆದರೂ ಎಳೆ ಹೋಗಿ ನಿಲ್ಲುತ್ತಿದ್ದದ್ದು ಒಂದೇ ಟಗರಿನ ಬಳಿ: ಓಲೆ ಸಂಖ್ಯೆ 868, ಊರವರ ಬಾಯಲ್ಲಿ 'ಯಜಮಾನ'. ಹತ್ತಿರದ ರಕ್ತದಲ್ಲಿ ಹುಟ್ಟಿದ ಮರಿಗಳು ವರ್ಷದಿಂದ ವರ್ಷಕ್ಕೆ ಬಡಕಲಾದವು. ಕಳೆದ ವರ್ಷದ ಸಭೆಯಲ್ಲಿ ಸಂಘ ಕಲ್ಲು ಮನಸ್ಸು ಮಾಡಿತು. ಯಜಮಾನನ ನಂಟಿಲ್ಲದ ಟಗರು ಸಿಗದಿದ್ದರೆ ಈ ವರ್ಷದ ಪ್ರದರ್ಶನ, ಮಾರಾಟವೇ ಕೊನೆ. ಪುಸ್ತಕ ಮುಚ್ಚುವುದು, ಕರಿಮೂತಿಗಳು ಹೆಸರಿಲ್ಲದೆ ಸಂತೆಯ ಹಿಂಡಿನಲ್ಲಿ ಸೇರಿಹೋಗುವುದು. ಆ ನಿರ್ಣಯವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದವರೂ ಕಿವಿಯಕ್ಕನೇ. "ಬರೆದು ಮನೆಗೆ ಹೋಗಿ ಚೆನ್ನಾಗಿ ಅತ್ತೆ. ಇನ್ನೇನು ಮಾಡೋದು," ಎನ್ನುತ್ತಾರೆ.

ಹೋದ ತಿಂಗಳು ಗುಡ್ಡದಾಚೆಯ ಮಂದೆಯೊಂದರಲ್ಲಿ ಗೊರಸು ಕತ್ತರಿಸುವ ಕೆಲಸ ನಡೆದಿತ್ತು. ಕತ್ತರಿಯಣ್ಣ ಎಂದೇ ಹೆಸರಾದ, ಎಪ್ಪತ್ತು ದಾಟಿದ ಉಣ್ಣೆ ಕತ್ತರಿಸುವವರು ಕುರಿಯನ್ನು ಅಂಡೂರಿ ಕೂರಿಸಿ, ಬೆನ್ನನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡಿದ್ದರು. ಹಾಗೆ ಕೂತ ಕುರಿ ಕೊಸರಾಡದೆ ತಲೆಯನ್ನು ಹಿಂದಕ್ಕೆ ಜೋತುಬಿಡುತ್ತದೆ. ಕಿವಿಯಕ್ಕ ಪಕ್ಕದಲ್ಲಿ ನಿಂತು, ಈ ಕಡೆಯ ನಾಲ್ಕು ಮಂದೆಯ ಕುರಿಗಳಿಗೆ ಮಾತ್ರ ಕಿವಿ ತುದಿ ಮಡಚಿರುವುದೇಕೆ ಎಂದು ಎಂದಿನಂತೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಯಜಮಾನನ ಕಿವಿ ಬಾಣದ ಹಾಗೆ ನೆಟ್ಟಗಿತ್ತು.

"ಅದರಲ್ಲೇನಮ್ಮಾ ವಿಚಿತ್ರ? ಭಾವನ ಕಿವಿ ಅದು," ಎಂದರು ಕತ್ತರಿಯಣ್ಣ.

'ಭಾವ' ಎಂಬುದು ಇನ್ನೊಂದು ಟಗರಿನ ಅಡ್ಡಹೆಸರು. ಹನ್ನೊಂದು ವರ್ಷದ ಹಿಂದೆ ದೂರದ ಹಟ್ಟಿಯಿಂದ ಬಂದು, ಒಂದೇ ವರ್ಷ ಇದ್ದು ಸತ್ತಿತ್ತು. ಪುಸ್ತಕದಲ್ಲಿ ಅದರ ಹೆಸರಿನ ಮುಂದೆ 'ಸಂತಾನವಿಲ್ಲ' ಎಂದಿದೆ.

"ಭಾವ ಎಲ್ಲಿ ಬಂದ ಅಣ್ಣಾ? ಈ ಕಡೆ ನಾಲ್ಕೂ ಮಂದೆಗೆ ಆ ವರ್ಷ ಬಿಟ್ಟಿದ್ದು ಯಜಮಾನನ್ನ. ನಾನೇ ಬಂದು ಓಲೆ ಓದಿ ಬರಕೊಂಡಿದ್ದೀನಿ."

"ಯಜಮಾನ ಆ ವರ್ಷ ಕಾಲು ಮುರಕೊಂಡು ಕೊಟ್ಟಿಗೇಲಿ ಬಿದ್ದಿದ್ನಲ್ಲಮ್ಮಾ! ಬಂದಿದ್ದು ಭಾವ. ಹೀಗೇ ಕೂರಿಸಿಕೊಂಡು ಅವನ ಗೊರಸು ತೆಗೀತಿದ್ದೆ. ನೀವು ಹೀಗೇ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ್ರಿ."

ಕಿವಿಯಕ್ಕ ಕನ್ನಡಕ ಮೂಗಿಗೇರಿಸಿದರು. ಬಗ್ಗಿ ನೋಡಿದರು. ತಲೆ ಜೋತುಬಿಟ್ಟ ಕುರಿಯ ಕಿವಿಯಲ್ಲಿ ಓಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಭಾವನ ಓಲೆಯ ಸಂಖ್ಯೆ 898. ಓದುಗರು ಒಂದು ಚೀಟಿಯ ಮೇಲೆ ಅದನ್ನು ಬರೆದು, ತಿರುಗಿಸಿ ಹಿಡಿದು ನೋಡಬಹುದು.

ಹನ್ನೊಂದು ವರ್ಷ ಗುಡ್ಡದಾಚೆಯ ನಾಲ್ಕು ಮಂದೆಗಳು ಯಜಮಾನನ ಮಕ್ಕಳು ಮೊಮ್ಮಕ್ಕಳೆಂದೇ ಪುಸ್ತಕದಲ್ಲಿದ್ದವು. ಅದೇ ಕಾರಣಕ್ಕೆ ಈಚೆಯ ಹದಿನೈದು ಮಂದೆಗಳೊಡನೆ ಅವುಗಳ ಸಂಬಂಧಕ್ಕೆ ಕಿವಿಯಕ್ಕನೇ ಅಡ್ಡ ನಿಂತಿದ್ದರು. ಮರುದಿನವೇ ಪಶುವೈದ್ಯರನ್ನು ಕರೆತಂದು ಎರಡೂ ಕಡೆಯ ಕುರಿಗಳ ಕೂದಲು ಪರೀಕ್ಷೆಗೆ ಕಳುಹಿಸಿದರು. ಪ್ರದರ್ಶನಕ್ಕೆ ಮೂರು ದಿನ ಇರುವಾಗ ವರದಿ ಬಂತು. ಎರಡು ಕಡೆಗೂ ಹತ್ತಿರದ ನಂಟು ಏನೇನೂ ಇಲ್ಲ.

ಸಂಘದ ಅಧ್ಯಕ್ಷರು ಕುರ್ಚಿಯಿಂದ ಹಾರಿಬಿದ್ದರಂತೆ. ಒಂದು ಸಲಹೆಯನ್ನೂ ಕೊಟ್ಟರು: "ಪರೀಕ್ಷೇಲಿ ಗೊತ್ತಾಯ್ತು ಅಂತ ಹೇಳಿಬಿಡೋಣಕ್ಕಾ. ನಿಮ್ಮ ತಪ್ಪನ್ನ ಯಾಕೆ ಎಳೆದು ತರಬೇಕು? ಇಪ್ಪತ್ತೆರಡು ವರ್ಷ ಒಂದು ಚಿತ್ತು ಕಾಟು ಇಲ್ಲದ ಪುಸ್ತಕ ಅದು."

"ಕಾಟು ಇಲ್ಲ ಅಂತ ಅಲ್ವಾ ಜನ ನಂಬಿದ್ದು? ಆ ನಂಬಿಕೇನೇ ಅವರ ಕುರೀನ ಬಡಕಲು ಮಾಡಿದ್ದು. ಹೇಳದೆ ಇದ್ದರೆ ನನಗೆ ಅನ್ನ ಇಳಿಯಲ್ಲ," ಎಂದರು ಕಿವಿಯಕ್ಕ. ರಾಜೀನಾಮೆಯನ್ನೂ ಬರೆದು ಅವರ ಕೈಗಿಟ್ಟರು.

ಹನ್ನೊಂದು ಗಂಟೆ. ಬಹುಮಾನದ ಸಾಲು ಮುಗಿದಿದೆ, ಹರಾಜು ಇನ್ನೂ ಶುರುವಾಗಿಲ್ಲ. ಕೊನೆಯ ಮಾರಾಟವೆಂದು ತಿಳಿದು ಬಂದ ಜನ ಹುಲ್ಲಿನ ಪಿಂಡಿಗಳ ಮೇಲೆ ಮಂಕಾಗಿ ಕೂತಿದ್ದಾರೆ. ಕಿವಿಯಕ್ಕ ಮೈಕಿನ ಮುಂದೆ ನಿಲ್ಲುತ್ತಾರೆ. ಪುಸ್ತಕವನ್ನು ಮೇಜಿನ ಮೇಲಿಟ್ಟು ತೆರೆಯುತ್ತಾರೆ. ಮೇಜು ಅಲ್ಲಾಡುತ್ತದೆ, ಅದರ ಒಂದು ಕಾಲು ಮೊದಲಿನಿಂದಲೂ ಮೋಟು. ನಾಲ್ಕೇ ಮಾತಿನಲ್ಲಿ ನಡೆದದ್ದನ್ನೆಲ್ಲ ಹೇಳುತ್ತಾರೆ: ಗೊರಸು, ಜೋತ ತಲೆ, ಎಂಟು ಒಂಬತ್ತು ಎಂಟು. "ತಪ್ಪು ನನ್ನದು. ಟಗರು ತಲೆಕೆಳಗಾಗಿತ್ತು. ನಾನು ನೆಟ್ಟಗೇ ಇದ್ದೆ, ಆದರೂ ತಲೆಕೆಳಗಾಗಿ ಓದಿದೆ. ಹನ್ನೊಂದು ವರ್ಷ ನಿಮ್ಮೆಲ್ಲರಿಗೂ ಸುಳ್ಳು ನಂಟು ಹೇಳಿದ್ದೀನಿ. ಕ್ಷಮಿಸಿ."

ಜನ ಬೆರಳು ಮಡಚಿ ಏನೋ ಎಣಿಸುತ್ತಿದ್ದಾರೆ. ಗುಡ್ಡದಾಚೆಯ ಮಂದೆಯ ಹೆಂಗಸೊಬ್ಬಳು ಮೊದಲು ಎದ್ದು ನಿಲ್ಲುತ್ತಾಳೆ. ಎದುರಿನ ಸಾಲಿನಲ್ಲಿ ಕೂತ ಗುಡ್ಡದೀಚೆಯ ಸಾಕಣೆದಾರನಿಗೆ ಅಲ್ಲಿಂದಲೇ ಕೂಗುತ್ತಾಳೆ: "ಹಾಗಾದ್ರೆ ನನ್ನ ಟಗರು ನಿನ್ನ ಕುರಿಗಳಿಗೆ ಏನಾಗಬೇಕು?"

ಅವನು ಮೈಕಿನ ಕಡೆ ಕೈ ತೋರಿಸುತ್ತಾನೆ. ಎಲ್ಲರೂ ಕಿವಿಯಕ್ಕನತ್ತ ತಿರುಗುತ್ತಾರೆ. ಕಿವಿಯಕ್ಕ ಕನ್ನಡಕ ಸರಿಮಾಡಿಕೊಂಡು ಪುಸ್ತಕ ನೋಡುತ್ತಾರೆ. ನೋಡುವ ಅಗತ್ಯವಿಲ್ಲ, ಆದರೂ ನೋಡುತ್ತಾರೆ.

"ಏನೂ ಆಗಬೇಕಾಗಿಲ್ಲ!" ಎನ್ನುತ್ತಾರೆ.

ಆಮೇಲೆ ಆ ಮೈದಾನದಲ್ಲಿ ಆದದ್ದನ್ನು ಕಣ್ಣಾರೆ ನೋಡಬೇಕಿತ್ತು. ತಮ್ಮ ಕುರಿಗಳಿಗೆ ನಂಟರೇ ಇಲ್ಲವೆಂದು ಗೊತ್ತಾಗಿ ಜನ ಹೀಗೆ ಕುಣಿದಾಡಿದ್ದು ಬೇರೆಲ್ಲೂ ನಡೆದಿರಲಾರದು. "ನನ್ನದು?" "ಏನೂ ಆಗಬೇಕಾಗಿಲ್ಲ!" "ಈ ಮೂರು ಹೆಣ್ಣು?" "ಏನೂ ಆಗಬೇಕಾಗಿಲ್ಲ!" ಕಿವಿಯಕ್ಕ ಒಬ್ಬೊಬ್ಬರಿಗೂ ಕೂಗಿ ಹೇಳುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ಕೂಗುತ್ತಾರೆ. ಕತ್ತರಿಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಭಾವ ಬಂದ ಕಣ್ರೋ, ದಾರಿ ಬಿಡ್ರೋ!" ಎನ್ನುತ್ತಾರೆ. ಹರಾಜು ಕೂಗುವವನು ಇನ್ನೂ ಸುತ್ತಿಗೆ ಎತ್ತಿಲ್ಲ, ಆಗಲೇ ಮಡಚು ಕಿವಿಯ ಟಗರುಗಳ ದೊಡ್ಡಿಯ ಮುಂದೆ ನೂಕುನುಗ್ಗಲು. ಅವುಗಳಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಒಂದು ಟಗರು ಗಾಬರಿಯಾಗಿ ಕೊಂಡುಕೊಂಡವನ ಟೋಪಿಯನ್ನೇ ಮೇಯತೊಡಗುತ್ತದೆ. ಅವನು, "ತಿನ್ನಲಿ ಬಿಡಿ, ಅಳಿಯ ಅಲ್ವಾ," ಎನ್ನುತ್ತಾನೆ.

ಅಧ್ಯಕ್ಷರು ಮೈಕು ಹಿಡಿದು, ಪ್ರದರ್ಶನ ಮುಂದಿನ ವರ್ಷವೂ ಇದೇ ಮೈದಾನದಲ್ಲಿ ಎಂದು ಸಾರುತ್ತಾರೆ. ಮೇಜು ಅಲ್ಲಾಡುತ್ತದೆ. ಜೇಬಿನಿಂದ ಕಿವಿಯಕ್ಕನ ರಾಜೀನಾಮೆ ತೆಗೆದು, ನಾಲ್ಕಾಗಿ ಮಡಚಿ, ಮೋಟು ಕಾಲಿನ ಕೆಳಗೆ ತೂರಿಸುತ್ತಾರೆ. ಮೇಜು ಈಗ ಗಟ್ಟಿಯಾಗಿ ನಿಂತಿದೆ.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಟಗರುಗಳು ಗುಡ್ಡದ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಹೊರಟಿವೆ. ಕಿವಿಯಕ್ಕ ಹುಲ್ಲಿನ ಪಿಂಡಿಯ ಮೇಲೆ ಕೂತು ಆರಿದ ಚಹಾ ಕುಡಿಯುತ್ತಾ, ಹನ್ನೊಂದು ವರ್ಷದ ಹಿಂದಿನ ಪುಟ ತೆರೆದಿದ್ದಾರೆ. 868 ಎಂಬುದನ್ನು ಅಳಿಸಿಲ್ಲ. ಕೆಂಪು ಗೆರೆ ಎಳೆದು, ಪಕ್ಕದಲ್ಲಿ 898 ಎಂದು ಬರೆದು ರುಜು ಹಾಕಿದ್ದಾರೆ. ಭಾವನ ಪುಟದಲ್ಲಿ 'ಸಂತಾನವಿಲ್ಲ' ಎಂಬುದಕ್ಕೂ ಗೆರೆ ಬಿದ್ದಿದೆ. ಅಲ್ಲಿ ಬರೆಯಲು ಜಾಗ ಸಾಲದೆ ಹಾಳೆ ಅಂಟಿಸಿದ್ದಾರೆ.

ಇಷ್ಟೆಲ್ಲ ಕುರಿಗಳ ನಡುವೆ ಇವರದೆಂದು ಒಂದೂ ಇಲ್ಲ. ಪಕ್ಷಪಾತ ಬರಬಾರದೆಂದು ಕಾರ್ಯದರ್ಶಿ ಕುರಿ ಸಾಕುವಂತಿಲ್ಲ, ಅದು ಸಂಘದ ನಿಯಮ. ಆಸೆಯಿಲ್ಲವೇ ಎಂದು ಕೇಳಿದರೆ, ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಮುಖ ಅರಳುತ್ತದೆ.

"ಇದೆ, ಯಾಕಿಲ್ಲ? ಪುಸ್ತಕ ಬಿಟ್ಟ ದಿನ ಒಂದೇ ಒಂದು ಹೆಣ್ಣು ಮರಿ ತಗೋತೀನಿ. ಮಡಚು ಕಿವೀದು, ಭಾವನ ಕಡೇದು. ಒಡೆಯರು ಅನ್ನೋ ಕಾಲಂನಲ್ಲಿ ಒಂದು ಸಲ ನನ್ನ ಹೆಸರು ಬರಬೇಕು, ಅಷ್ಟೆ." ಬೆರಳೆತ್ತಿ ಸೇರಿಸುತ್ತಾರೆ: "ಬರೆಯೋರು ಮಾತ್ರ ಮರೀನ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ಓಲೆ ಓದಲಿ."