ಸೀಟಿ ಮೇಷ್ಟ್ರ ಇಪ್ಪತ್ತು ಸುತ್ತು

ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಸೀಟಿ ಮೇಷ್ಟ್ರಿಗೆ ಆಡಳಿತ ಕಚೇರಿಯ ಮೆಟ್ಟಿಲು ಕಂಡರೇ ಮೈ ಉರಿಯುತ್ತದೆ. ಹಾಜರಾತಿ ಸಾಲದು, ಕೂದಲು ಉದ್ದ ಅಂತ ರಿಜಿಸ್ಟ್ರಾರು ಆಟಗಾರರನ್ನು ಅಮಾನತು ಮಾಡಿದಾಗಲೆಲ್ಲ ಕೊರಳ ಸೀಟಿ ಕುಣಿಸುತ್ತ ನುಗ್ಗಿ, "ನನ್ನ ಹುಡುಗ್ರಿಗೆ ಶಿಕ್ಷೆ ಕೊಡೋಕೆ ನಾನಿದ್ದೀನಿ, ನೀವ್ಯಾರ್ರೀ?" ಅಂತ ಮೇಜು ಗುದ್ದುತ್ತಾರೆ. ಅವರ ಶಿಕ್ಷೆಯೋ, ಮೈದಾನಕ್ಕೆ ಇಪ್ಪತ್ತು ಸುತ್ತು. ತಪ್ಪು ಮಾಡಿದವನ ಜೊತೆ ನೋಯುವ ಮಂಡಿ ಎಳೆದುಕೊಂಡು ತಾವೂ ಓಡುತ್ತಾರೆ, ಬೈಗುಳ ಮಾತ್ರ ರಿಜಿಸ್ಟ್ರಾರಿಗೆ. ಮೊನ್ನೆ ಕ್ಯಾಪ್ಟನ್ನು ಹಾಸ್ಟೆಲಿನ ಕಸ ಗುಡಿಸುವಾಕೆಯ ಕೆನ್ನೆಗೆ ಹೊಡೆದ. "ಫೈನಲ್ ಮುಗೀಲಿ, ವಿಚಾರಣೆ ಆಮೇಲೆ ಮಾಡೋಣ," ಎಂದು ನಕ್ಕರು ರಿಜಿಸ್ಟ್ರಾರು. ಮೇಷ್ಟ್ರು ಈ ಸಲ ಮೇಜು ಗುದ್ದಲಿಲ್ಲ. ಕ್ಯಾಪ್ಟನ್ನನ ಜೆರ್ಸಿಯನ್ನು ಅದರ ಮೇಲೆ ಹಾಸಿ, "ಅವನು ಆಡಲ್ಲ. ಕಪ್ ಬೇಕಿದ್ರೆ ಇದನ್ನ ನೀವೇ ಹಾಕ್ಕೊಂಡು ಬನ್ನಿ," ಎಂದರು.